ಹೊಗೆ ಲೆಕ್ಕದ ಸರ್

ಅವರಿಗೆ ಒಂದು ಕೆಲಸ ಕೊಡಲೇಬೇಕಾಗಿತ್ತು. ಕೊಡುವಂಥ ಕೆಲಸ ಯಾವುದೂ ಇರಲಿಲ್ಲ. ಹಾಗಾಗಿ ಅವರನ್ನು ಪರಿಸರ ವ್ಯವಸ್ಥಾಪಕರನ್ನಾಗಿ ಮಾಡಿದರು.

ಸಿಂಧನೂರಿನ ಒಂದು ರೈಸ್ ಮಿಲ್ಲಿನ ಕಚೇರಿಯಲ್ಲಿ ನಾನು ಕಂಪ್ಯೂಟರ್ ಮುಂದೆ ಕೂರುತ್ತಿದ್ದ ಕಾಲವದು. ಅವರು ನಮ್ಮ ಸಾಹುಕಾರರ ಹೆಂಡತಿಯ ತಮ್ಮ. ಮಸ್ಕಿಯವರು. ಅಲ್ಲಿ ಮೊದಲು ಕ್ರಿಮಿನಾಶಕದ ಏಜೆನ್ಸಿ ತೆರೆದಿದ್ದರು. ಗಿರಾಕಿ ಕೇಳಿದ್ದನ್ನು ಕೊಡುವ ಬದಲು ಔಷಧಿ ಯಾಕೆ ಬೇಡ ಎಂದು ವಿವರಿಸುತ್ತ ಕೂತು ಅದನ್ನು ಮುಚ್ಚಿದರು. ಆಮೇಲೆ ಹೆಂಡತಿಯ ಮಾತಿಗೆ ಕಟ್ಟುಬಿದ್ದು ಸಾಹುಕಾರರು ಮಿಲ್ಲಿಗೆ ಕರೆತಂದು ಲಾರಿ ತೂಗುವ ವೇಬ್ರಿಡ್ಜಿನಲ್ಲಿ ಕೂರಿಸಿದರು. ಬಂದ ಲಾರಿ ಡ್ರೈವರುಗಳಿಗೆಲ್ಲ ಭಾಷಣ ಮಾಡಿ ಲಾರಿಗಳ ಸಾಲನ್ನು ದೊಡ್ಡ ರಸ್ತೆಯವರೆಗೆ ಬೆಳೆಸಿದರು. ತೌಡಿನ ಗೋದಾಮಿಗೆ ಹಾಕಿದರೆ ಸೀನುತ್ತ ವಾಪಸು ಬಂದರು. ಹಮಾಲರು ಬೆನ್ನ ಹಿಂದೆ ಅವರನ್ನು ‘ಸಾಲೇಸಾಬ’ ಎನ್ನುತ್ತಿದ್ದರು. ನಮ್ಮ ಕಡೆಯ ಉರ್ದುವಿನಲ್ಲಿ ಅದು ಹೆಂಡತಿಯ ತಮ್ಮನೂ ಹೌದು, ಬೈಗುಳವೂ ಹೌದು. ಎದುರಿಗೆ ಬಂದಾಗ ಎಲ್ಲರೂ ‘ಸರ್’ ಎನ್ನುತ್ತಿದ್ದೆವು.

ಆ ಹೊತ್ತಿಗೆ ನಮ್ಮ ಅಕ್ಕಿ ಕೊಳ್ಳುವ ಹೊರದೇಶದವರಿಂದ ಒಂದು ಬೇಡಿಕೆ ಬಂತು. ನಿಮ್ಮ ಅಕ್ಕಿ ತಯಾರಾಗುವಾಗ ಎಷ್ಟು ಹಸಿರುಮನೆ ಅನಿಲ ಗಾಳಿಗೆ ಸೇರುತ್ತದೆ ಅಳೆದು ತಿಳಿಸಿ, ಅದನ್ನು ಹೇಗೆ ಕಡಿಮೆ ಮಾಡುತ್ತೀರಿ ಎಂಬುದನ್ನೂ ತಿಳಿಸಿ ಎಂದು. ನಾನು ಓದಿ ಹೇಳಿದಾಗ ಸಾಹುಕಾರರು ಎಲೆ ಅಡಿಕೆ ಜಗಿಯುವುದನ್ನೇ ನಿಲ್ಲಿಸಿದರು.

“ಏನಿದು ತಂಗೀ, ಇನ್ನ ಹೊಗಿಗೂ ಲೆಕ್ಕ ಕೊಡಬೇಕೇನು?”

“ಹೌದ್ರಿ. ಕೊಡದಿದ್ರ ಮುಂದಿನ ವರ್ಷ ಅಕ್ಕಿ ತಗೊಳ್ಳಂಗಿಲ್ಲ ಅಂದಾರ.”

ಸಾಹುಕಾರರು ಕಿಟಕಿಯಿಂದ ಹೊರಗೆ ನೋಡಿದರು. ಅಂಗಳದಲ್ಲಿ ಅವರ ಭಾವಮೈದುನ ಒಬ್ಬ ಹಮಾಲನಿಗೆ ಮೂಗಿನಿಂದ ಉಸಿರಾಡುವುದರ ಲಾಭ ಹೇಳುತ್ತಿದ್ದರು. “ಕರಿ ಅವನ್ನ,” ಎಂದರು ಸಾಹುಕಾರರು. “ಗಾಳಿ ಅಳಿಯೋ ಕೆಲಸಕ್ಕ ಅವನಕಿಂತ ಸರಿ ಮನಷ್ಯಾ ಎಲ್ಲಿ ಸಿಗತಾನ?”

ಹೀಗೆ ಅವರಿಗೆ ಒಂದು ಮೇಜು ಬಂತು, ಬಾಗಿಲಿಗೆ ಹೆಸರಿನ ಫಲಕ ಬಂತು. ಹಸಿರು ಟೈ ಮಾತ್ರ ಅವರೇ ಕೊಂಡುಕೊಂಡದ್ದು. ಸಿಂಧನೂರಿನ ಬೇಸಿಗೆಯಲ್ಲಿ ಟೈ ಕಟ್ಟಿಕೊಂಡು ಓಡಾಡಿದ ಇನ್ನೊಬ್ಬರನ್ನು ನಾನು ಕಂಡಿಲ್ಲ.

ಮೊದಮೊದಲು ಅವರು ಕಣ್ಣಿಗೆ ಕಾಣುವ ಹೊಗೆಯನ್ನೇ ಅನಿಲ ಎಂದುಕೊಂಡಿದ್ದರು. ಚಿಮಣಿಗೆ ಹಸಿರು ಬಣ್ಣ ಹೊಡೆಸಿದರು. ಯಾರಾದರೂ ನೋಡಲು ಬರುವವರಿದ್ದರೆ ಬಾಯ್ಲರಿನವನಿಗೆ, “ಅರ್ಧಾ ತಾಸು ಹೊಟ್ಟು ಹಾಕಬ್ಯಾಡ, ಮಂದಿ ಬರಾಕತ್ತಾರ,” ಎಂದು ಹೇಳಿ ಕಳಿಸುತ್ತಿದ್ದರು. ಆಮೇಲೆ ಹೈದರಾಬಾದಿನಲ್ಲಿ ಯಾವುದೋ ತರಬೇತಿಗೆ ಹೋಗಿಬಂದರು. ಎಲೆಯ ಚಿತ್ರವಿದ್ದ ಬಟ್ಟೆಯ ಚೀಲವೊಂದನ್ನು ಹೆಗಲಿಗೆ ಹಾಕಿಕೊಂಡು, ಬೇರೆಯೇ ಮನುಷ್ಯರಾಗಿ ಬಂದರು. ಬಂದವರೇ ನಮ್ಮನ್ನೆಲ್ಲ ಕೂರಿಸಿಕೊಂಡು ಪಾಠ ಮಾಡಿದರು.

“ಮೂರು ಒಲಿ ಅದಾವ ನೋಡ್ರಿ. ಒಂದು ನಮ್ಮ ಒಲಿ. ಬಾಯ್ಲರು, ಜನರೇಟರು, ನಮ್ಮ ಲಾರಿ. ಎರಡನೇದು ಕರೆಂಟಿನವರ ಒಲಿ. ಅವರು ಎಲ್ಲೋ ಕಲ್ಲಿದ್ದಲ ಸುಡತಾರ, ನಾವಿಲ್ಲಿ ಸ್ವಿಚ್ ಒತ್ತತೀವಿ. ಮೂರನೇದು ಊರಮಂದಿ ಒಲಿ. ನಮ್ಮ ಸಲುವಾಗಿ ಬ್ಯಾರೆಯವರು ಹಚ್ಚಿದ್ದು. ಮೂರೂ ಕೂಡಿಸಿದರ ನಮ್ಮ ಲೆಕ್ಕ.”

ಇಷ್ಟು ಸರಳವಾಗಿ ಈ ವಿಷಯ ಹೇಳಿದವರನ್ನು ನಾನು ಆಮೇಲೂ ಕಾಣಲಿಲ್ಲ, ಅದನ್ನು ಒಪ್ಪಿಕೊಳ್ಳಬೇಕು. ಆದರೆ ಅಲ್ಲಿಗೇ ಬಿಡುವ ಜಾಯಮಾನ ಅವರದಲ್ಲ. ಮರುದಿನದಿಂದ ನಮ್ಮ ಕೋಣೆಯ ಫ್ಯಾನು ಮಧ್ಯಾಹ್ನದವರೆಗೆ ಬಂದ್ ಆಯಿತು. ಚಹಾ ಒಂದೇ ಸಲ ಕಾಯಿಸಬೇಕೆಂಬ ಆದೇಶ ಹೊರಟಿತು. ಸಂಜೆಯ ಚಹಾವನ್ನು ನಾವು ತಣ್ಣಗೆ ಕುಡಿದೆವು. ಪಕ್ಕದಲ್ಲೇ ಸಾಹುಕಾರರ ಕೋಣೆಯ ಎ.ಸಿ. ಬಾಗಿಲ ಸಂದಿಯಿಂದ ಮಂಜು ಉಗುಳುತ್ತಿತ್ತು. ಅದರ ಬಗ್ಗೆ ಕೇಳಿದಾಗ ಸರ್ ಟೈ ಸರಿಮಾಡಿಕೊಂಡು, “ಅದು ಎರಡನೇ ಹಂತದಾಗ ಬರತೈತಿ,” ಎಂದರು.

ಭತ್ತದ ಹೊಟ್ಟು ಸುಟ್ಟದ್ದನ್ನು ಉಳಿದದ್ದರ ಜೊತೆ ಕೂಡಿಸಬೇಕಿಲ್ಲ ಎಂದು ತರಬೇತಿಯಲ್ಲಿ ಹೇಳಿದ್ದರಂತೆ. ಬೆಳೆಯುವಾಗ ಗಿಡ ಗಾಳಿಯಿಂದ ತೆಗೆದುಕೊಂಡದ್ದೇ ಸುಟ್ಟಾಗ ಗಾಳಿಗೆ ಮರಳುತ್ತದೆ, ಆದ್ದರಿಂದ ಅದನ್ನು ಬೇರೆ ಬರೆದರೆ ಸಾಕು. ಇದು ಅವರಿಗೆ ಎಷ್ಟು ಸಂತೋಷ ಕೊಟ್ಟಿತೆಂದರೆ, ಮಿಲ್ಲಿನ ಹಿಂದಿನ ಓಣಿಯ ಹೆಂಗಸೊಬ್ಬಳು ಬೂದಿ ಬಿದ್ದು ಕಪ್ಪಾದ ಸೀರೆ ಹಿಡಿದುಕೊಂಡು ಜಗಳಕ್ಕೆ ಬಂದಾಗಲೂ ಅದನ್ನೇ ಹೇಳಿದರು.

“ಯವ್ವಾ, ಆ ಹೊಗಿ ಲೆಕ್ಕಕ್ಕ ಬರಂಗಿಲ್ಲ.”

“ಲೆಕ್ಕಕ್ಕ ಬರಂಗಿಲ್ಲಂದ್ರ ನನ್ನ ಸೀರಿಗಿ ಯಾಕ ಬರತೈತ್ರೀ?” ಎಂದಳು ಆಕೆ.

ತರಬೇತಿಯಲ್ಲಿ ಇದಕ್ಕೆ ಉತ್ತರ ಕೊಟ್ಟಿರಲಿಲ್ಲವಾದ್ದರಿಂದ ಸರ್ ಒಳಗೆ ಹೋದರು.

ಅವರು ಮಸ್ಕಿಯಿಂದ ದಿನಾ ಮಿಲ್ಲಿನ ಕಾರಿನಲ್ಲಿ ಬರುತ್ತಿದ್ದರು. ಲೆಕ್ಕ ಶುರುವಾದ ಮೇಲೆ ಕಾರು ಬಿಟ್ಟು ಬಸ್ಸು ಹಿಡಿದರು. ಲಿಂಗಸುಗೂರಿನಿಂದ ಬರುವ ಅದೇ ಬಸ್ಸಿನಲ್ಲಿ ನಾನೂ ಇರುತ್ತಿದ್ದೆ. ಮಸ್ಕಿಯಲ್ಲಿ ಹತ್ತಿ, ಕಂಬಿ ಹಿಡಿದು ನಿಂತು, ಒಬ್ಬ ಮನುಷ್ಯ ಒಂದು ಕಾರಿನಲ್ಲಿ ಹೋಗುವುದು ಎಂಥ ಪಾಪ ಎಂದು ಕಂಡಕ್ಟರನಿಗೆ ವಿವರಿಸುತ್ತಿದ್ದರು. ಒಂದು ದಿನ ನಾನು ಹಿಂದಿನ ಗಾಜಿನಿಂದ ನೋಡಿದೆ. ಮಿಲ್ಲಿನ ಕಾರು ಬಸ್ಸಿನ ಹಿಂದೆಯೇ ಬರುತ್ತಿತ್ತು. ಡ್ರೈವರನನ್ನು ಬಿಟ್ಟರೆ ಅದರಲ್ಲಿ ಸರ್ ಅವರ ಊಟದ ಡಬ್ಬಿ ಇತ್ತು.

“ಕಾರು ಯಾಕ ಬರಾಕತ್ತೈತ್ರೀ ಸರ್?”

“ಸಂಜೀಕ ಅಕ್ಕ ಎಲ್ಲಿಗರ ಹೋಗೋದಿದ್ದರ ಸಿಂಧನೂರಾಗ ಬೇಕಲ್ಲ? ಆದರ ನಾ ಅದರಾಗ ಕುಂತಿಲ್ಲ ನೋಡು.” ಅವರ ಮುಖದಲ್ಲಿ ಕಪಟವಿರಲಿಲ್ಲ. ತಾವು ಕೂತಿಲ್ಲದ ಕಾರಿನ ಹೊಗೆ ತಮ್ಮದಲ್ಲ ಎಂದು ನಿಜವಾಗಿಯೂ ನಂಬಿದ್ದರು.

ಅಂತೂ ಲೆಕ್ಕ ಮುಗಿಯಿತು. ಡೀಸೆಲ್ಲು, ಕರೆಂಟು, ಲಾರಿ ಎಲ್ಲ ಸೇರಿಸಿದರೂ ಒಂದು ಕಡೆ. ರೈತರ ಗದ್ದೆ ಇನ್ನೊಂದು ಕಡೆ. ಭತ್ತದ ಗದ್ದೆಯಲ್ಲಿ ನೀರು ಸದಾ ನಿಂತರೆ ಕೆಳಗಿನ ಮಣ್ಣಿಗೆ ಗಾಳಿಯಾಡದೆ ಮೀಥೇನ್ ಎಂಬ ಅನಿಲ ಹುಟ್ಟಿ ಮೇಲೇಳುತ್ತದೆ. ನಮ್ಮ ಅಕ್ಕಿಯ ಲೆಕ್ಕದಲ್ಲಿ ದೊಡ್ಡ ಪಾಲು ಅದೇ. ಸಾಹುಕಾರರು ಇದನ್ನು ಕೇಳಿ ತೊಡೆ ತಟ್ಟಿಕೊಂಡು ನಕ್ಕರು.

“ಅಂದ್ರ ಹೊಗಿ ನಮ್ದಲ್ಲ, ರೈತರದು! ನಾ ಮೊದಲ ಹೇಳಿದ್ದೆ. ಹೋಗ್ರಿ, ಅವರಿಗೆ ಹೇಳ್ರಿ ಕಮ್ಮಿ ಮಾಡಂತ.”

ಉಪಾಯವೂ ಇತ್ತು. ಗದ್ದೆಯಲ್ಲಿ ನೀರು ಸದಾ ನಿಲ್ಲಿಸದೆ, ಕೆಲವು ದಿನ ಕಟ್ಟಿ ಕೆಲವು ದಿನ ಆರಲು ಬಿಟ್ಟರೆ ಅನಿಲವೂ ಕಡಿಮೆ, ನೀರೂ ಉಳಿತಾಯ, ಬೆಳೆಗೂ ತೊಂದರೆಯಿಲ್ಲ. ನೀರು ಮಣ್ಣಿನೊಳಗೆ ಎಷ್ಟು ಕೆಳಗಿಳಿದಿದೆ ಎಂದು ನೋಡಲು ತೂತು ಕೊರೆದ ಪ್ಲಾಸ್ಟಿಕ್ ಪೈಪೊಂದನ್ನು ಗದ್ದೆಯಲ್ಲಿ ಹುಗಿಯಬೇಕು. ಸರ್ ಮಿಲ್ಲಿನ ಹೆಸರು ಅಚ್ಚು ಹಾಕಿಸಿದ ಪೈಪುಗಳನ್ನು ಟ್ರ್ಯಾಕ್ಟರ್ ತುಂಬ ಹೇರಿಕೊಂಡು ಹೊರಟರು. ಜವಳಗೇರಾದಲ್ಲಿ ಸಭೆ ಮಾಡಿದಾಗ ಕಾಲುವೆಯಲ್ಲಿ ನೀರು ತುಂಬಿ ಹರಿಯುತ್ತಿತ್ತು. ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪಿನ ಹಿರಿಯ ರೈತರೊಬ್ಬರು ಪೈಪನ್ನು ಕಣ್ಣಿಗಿಟ್ಟು ಆಚೆ ನೋಡಿ, ಚೆನ್ನಾಗಿದೆ ಎಂದು ತೆಲುಗಿನಲ್ಲಿ ಹೊಗಳುತ್ತ, “ಬಾಗುಂದಿ ಸಾರ್, ಆದರ ಬಂದ ನೀರ ಯಾರನ್ನಾ ಬಿಡತಾರೇನ್ರಿ?” ಎಂದರು. ಮುಂದಿನ ವಾರ ಹೋದಾಗ ನಮ್ಮ ಪೈಪಿಗೆ ಹಳೇ ಅಂಗಿ ತೊಡಿಸಿ ಹಕ್ಕಿ ಓಡಿಸಲು ನಿಲ್ಲಿಸಿದ್ದರು.

ನೀರಿದ್ದವರು ಕೇಳಲಿಲ್ಲ. ಆಗ ಸರ್‌ಗೆ ನೀರಿಲ್ಲದವರು ಸಿಕ್ಕರು.

ವಳಕಮದಿನ್ನಿ ಕಡೆಗೆ ಹೋಗುವ ದಾರಿಯಲ್ಲಿ ಒಂದು ಉಪಕಾಲುವೆ. ಅದರ ತಲೆಭಾಗದಲ್ಲಿ ನಮ್ಮ ಸಾಹುಕಾರರ ಗದ್ದೆ, ಕೊನೆಭಾಗದಲ್ಲಿ ಹುಲಿಗೆಮ್ಮ ಎಂಬಾಕೆಯದೂ ಇನ್ನು ಕೆಲವರದೂ ಹೊಲ. ಕೊನೆಗೆ ನೀರು ಮುಟ್ಟುತ್ತಿದ್ದುದೇ ಅಪರೂಪ. ಆ ಹೊಲಗಳು ಆಗ ಬಿರುಕು ಬಿಟ್ಟು ನಿಂತಿದ್ದವು. ಸರ್ ಅದನ್ನು ನೋಡಿ ಕಣ್ಣರಳಿಸಿದರು. ಬಿರುಕಿನ ನಡುವೆ ಪೈಪು ನೆಟ್ಟು, ಪಕ್ಕದಲ್ಲಿ ಹುಲಿಗೆಮ್ಮನನ್ನು ನಿಲ್ಲಿಸಿ, “ಸ್ವಲ್ಪ ನಗವ್ವಾ,” ಎಂದು ಫೋಟೋ ತೆಗೆಸಿದರು. ಆಕೆ ನಗಲಿಲ್ಲ. ಆ ಹೊಲಗಳೆಲ್ಲ ‘ನೀರು ನಿಲ್ಲಿಸದೆ ಬೆಳೆಯುವ ಪದ್ಧತಿಗೆ ಬದಲಾದವು’ ಎಂದು ನಮ್ಮ ಲೆಕ್ಕದೊಳಗೆ ಸೇರಿದವು. ನಮ್ಮ ಅನಿಲ ಸರ್ರನೆ ಇಳಿಯಿತು. ಹೊರದೇಶದವರು ಮೆಚ್ಚಿದರು. ನಮ್ಮ ಕಡೆಯ ವ್ಯಾಪಾರಸ್ಥರ ಒಂದು ಕೂಟದವರು ಸಾಹುಕಾರರಿಗೆ ‘ಹಸಿರು ಉದ್ಯಮಿ’ ಎಂಬ ಪ್ರಶಸ್ತಿ ಘೋಷಿಸಿದರು.

ಸಮಾರಂಭ ಲಿಂಗಸುಗೂರಿನ ಒಂದು ಕಲ್ಯಾಣ ಮಂಟಪದಲ್ಲಿ. ವೇದಿಕೆಯ ಹಿಂದೆ ಗೋಡೆಯಗಲದ ಬ್ಯಾನರು. ಅದರಲ್ಲಿ ಹುಲಿಗೆಮ್ಮನ ಒಡೆದ ಹೊಲ. ಸರ್ ಹಸಿರು ಟೈ ಕಟ್ಟಿಕೊಂಡು ತಾವೇ ನಿರೂಪಣೆ ಮಾಡಿದರು. ಸಾಹುಕಾರರಿಗೆ ಹಾರ, ಪೇಟ ಆದ ಮೇಲೆ, ಆದರ್ಶ ರೈತ ಮಹಿಳೆ ಎಂದು ಹುಲಿಗೆಮ್ಮನನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು. ಅಷ್ಟಕ್ಕೆ ಬಿಟ್ಟಿದ್ದರೆ ಅವರ ಬದುಕು ಸುಸೂತ್ರವಾಗಿ ಸಾಗುತ್ತಿತ್ತು. ಮೈಕು ಆಕೆಯ ಕೈಗೆ ಕೊಟ್ಟು, “ಎರಡ ಮಾತು ಹೇಳವ್ವಾ,” ಎಂದರು.

“ಎಲ್ಲಾರಿಗೂ ಶರಣ್ರೀ,” ಎಂದಳು ಹುಲಿಗೆಮ್ಮ. “ಈ ಸರ್ ನನ್ನ ಹೊಲಕ್ಕ ಬಂದಿದ್ರು. ಹೊಲದಾಗ ನೀರ ನಿಂದ್ರಿಸಬ್ಯಾಡ ಅಂದ್ರು. ನಿಂದ್ರಿಸಾಕ ಮೊದಲ ನೀರ ಬರಬೇಕಲ್ರೀ? ನೆಲ್ಲು ಹೊಡಿ ಹಾದು ತೆನಿ ಬರೋ ಹೊತ್ತಿಗಿ ಹನಿ ನೀರ ಬರಲಿಲ್ಲ. ನೆಲ ಬಾಯಿ ಬಿಟ್ಟೈತಿ. ಆ ಬಾಯಿ ಬಿಟ್ಟಿದ್ದನ್ನ ಇಷ್ಟ ದೊಡ್ಡದು ಮಾಡಿ ಇಲ್ಲಿ ಹಾಕ್ಯಾರ. ನನಗ ಶಾಲ ಹೊಚ್ಚ್ಯಾರ.”

ಮೊದಲು ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಆಮೇಲೆ ಮಂಟಪವೇ ನಕ್ಕಿತು. ಹುಲಿಗೆಮ್ಮ ನಗುವವರ ಕಡೆ ತಿರುಗಲಿಲ್ಲ. ಸರ್ ಕಡೆ ತಿರುಗಿದಳು.

“ನೀವು ಓದಿದವ್ರು. ನೀರ ಎಲ್ಲಿ ನಿಂತೈತಿ ನಿಮಗ ಕಾಣಂಗಿಲ್ಲೇನ್ರೀ? ಅಲ್ಲಿ ಪೇಟಾ ಸುತಗೊಂಡು ಕುಂತಾರಲ್ಲ, ಅವರ ಗದ್ದ್ಯಾಗ ಮೊಣಕಾಲಮಟ ನಿಂತೈತಿ. ಅಲ್ಲಿ ಹುಗೀರಿ ನಿಮ್ಮ ಪೈಪ.”

ಯಾರೋ ಮೈಕಿನ ಸಂಪರ್ಕ ಕಿತ್ತರು. ಯಾರೋ ಗಡಿಬಿಡಿಯಿಂದ ವಂದನಾರ್ಪಣೆಗೆ ಎದ್ದರು. ಹುಲಿಗೆಮ್ಮ ಶಾಲನ್ನು ಮಡಚಿ ಕುರ್ಚಿಯ ಮೇಲಿಟ್ಟು ಇಳಿದುಹೋದಳು. ಸರ್ ಮಾತ್ರ ಬ್ಯಾನರಿನ ಮುಂದೆ ಹಾಗೇ ನಿಂತಿದ್ದರು. ನಗು ತಮ್ಮ ಮೇಲೆಯೇ ಎಂದು ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅಲ್ಲಿಯವರೆಗೆ ನಕ್ಕವರೆಲ್ಲ ಬೆನ್ನ ಹಿಂದೆ ನಗುತ್ತಿದ್ದರಲ್ಲ.

ಆ ವಾರ ಅವರು ಯಾರಿಗೂ ಪಾಠ ಮಾಡಲಿಲ್ಲ. ಒಂದು ಬೆಳಿಗ್ಗೆ ನನ್ನ ಮೇಜಿನ ಹತ್ತಿರ ಬಂದು, “ಕೊನಿಭಾಗದ ಹೊಲಾ ಎಲ್ಲಾ ಲೆಕ್ಕದಾಗಿಂದ ತಗಿ,” ಎಂದರು. ತೆಗೆದೆ. ಇಳಿದಿದ್ದ ಅನಿಲ ಮತ್ತೆ ಏರಿ ಕೂತಿತು. “ಈಗ ಸಾಹುಕಾರರ ಗದ್ದಿ ಸೇರಿಸು. ಅದನ್ನ ನಾವು ಸೇರಿಸೇ ಇಲ್ಲ.” ಸೇರಿಸಿದೆ. ಇನ್ನಷ್ಟು ಏರಿತು. ರೈತರ ಮೇಲಿನ ಕರುಣೆಯಿಂದ ಅವರು ಹೀಗೆ ಮಾಡಿದರು ಎಂದು ಬರೆಯಲು ನನಗೂ ಆಸೆ. ಆದರೆ ಅವರಿಗೆ ನೋವಾದದ್ದು ಅಂಕಿ ಸುಳ್ಳಾದದ್ದಕ್ಕೆ. ಬದುಕಿನಲ್ಲಿ ಮೊದಲ ಸಲ ಒಂದು ಕೆಲಸ ಪೂರ್ತಿ ಮಾಡಿದ್ದರು; ಅದು ತಪ್ಪಾಗಿತ್ತು.

ಸಾಹುಕಾರರ ಕೋಣೆಗೆ ಹೋದರು. ಬಾಗಿಲು ತೆರೆದೇ ಇತ್ತು.

“ನಿಮ್ಮ ಗದ್ದ್ಯಾಗ ನೀರ ಆರಸ್ತಾ ಕಟ್ಟಬೇಕ್ರಿ ಮಾವಾ. ಇಲ್ಲಂದ್ರ ಸುಗ್ಗಿ ಆದಮ್ಯಾಲ ಕೊನೀ ಲೆಕ್ಕ ಕಳಸಾಕ ಬರಂಗಿಲ್ಲ.”

“ಮೊದಲ ಕಳಿಸಿದ್ದನ್ನ ಮತ್ತ ಕಳಸು.”

“ಅದು ಖೋಟಾ ಐತ್ರಿ.”

“ಖೋಟಾ ಅಂದ್ರ ಪ್ರಶಸ್ತಿ ಹ್ಯಾಂಗ ಕೊಟ್ರಲೇ?” ಸಾಹುಕಾರರು ನಿಜವಾಗಿಯೂ ಆಶ್ಚರ್ಯಪಟ್ಟರು. “ನನ್ನ ಹೊಲಕ್ಕ ಎಷ್ಟ ನೀರ ಬೇಕಂತ ನೀ ಹೇಳತಿಯೇನು? ನಿಮ್ಮಕ್ಕನ ಮಾರಿ ನೋಡಿ ನಿನ್ನ ಇಟಗೊಂಡೀನಿ. ಸುಮ್ನ ಕುಂದ್ರು.”

ಅವರು ಸುಮ್ಮನೆ ಕೂರಲಿಲ್ಲ. ಮರುದಿನ ಬೆಳಿಗ್ಗೆ ಉಪಕಾಲುವೆಯ ದಂಡೆಗೆ ಹೋಗಿ, ಸಾಹುಕಾರರ ಗದ್ದೆಗೆ ನೀರು ನುಗ್ಗುತ್ತಿದ್ದ ತೂಬಿನ ಹಲಗೆಯನ್ನು ಇಳಿಸಿ ಮುಚ್ಚಿದರು. ಮುಚ್ಚುವಾಗ ಪಾಲಿಶ್ ಮಾಡಿದ ಬೂಟು ಜಾರಿ ಕೆಸರಿನಲ್ಲಿ ಕೂತರಂತೆ. ಟೈಯಿಂದ ಮುಖ ಒರೆಸಿಕೊಂಡರಂತೆ. ಸುದ್ದಿ ಮಿಲ್ಲಿಗೆ ಬಂದಾಗ ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಸಾಹುಕಾರರು ನಗಲಿಲ್ಲ. ಗದ್ದೆಯ ಆಳುಗಳನ್ನು ಕಳಿಸಿದರು. ಆಳುಗಳು ಹೋಗಿ ನೋಡಿದರೆ ಸರ್ ಛತ್ರಿ ಬಿಚ್ಚಿಕೊಂಡು ಹಲಗೆಯ ಮೇಲೆಯೇ ಕೂತಿದ್ದಾರೆ. ಸಾಹುಕಾರರ ಸಂಬಂಧಿ, ಎತ್ತಿ ಪಕ್ಕಕ್ಕಿಡುವ ಧೈರ್ಯ ಯಾರಿಗೂ ಇಲ್ಲ. ಮಧ್ಯಾಹ್ನ ಸಾಹುಕಾರರೇ ಕಾರಿನಲ್ಲಿ ಹೊರಟರು. ಏನಾದರೂ ಕಾಗದ ಬರೆಯಬೇಕಾದೀತೆಂದು ನನ್ನನ್ನೂ ಕೂರಿಸಿಕೊಂಡರು. ಅಷ್ಟರಲ್ಲಿ ಅವರ ಹೆಂಡತಿ ಮನೆಯಿಂದ ಬಂದು, ಕೇಳದೆಯೇ, ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತರು.

ಕಾರು ಪೂರ್ತಿ ನಿಲ್ಲುವ ಮೊದಲೇ ಆಕೆ ಬಾಗಿಲು ತೆಗೆದರು. ಇಳಿದವರೇ ದಂಡೆಯ ಮೇಲೆ ನಡೆದು ಹೋಗಿ ತಮ್ಮನ ಮುಂದೆ ನಿಂತರು. ಬೈಯುತ್ತಾರೆ ಎಂದುಕೊಂಡೆವು.

“ಉಂಡಿಯೇನು?” ಎಂದರು.

“ಇಲ್ಲಕ್ಕಾ.”

“ಏಳಬ್ಯಾಡ. ಹಂಗ ಕುಂತ ತಿನ್ನು,” ಎಂದು ಸೆರಗಿನಡಿಯಿಂದ ರೊಟ್ಟಿಯ ಗಂಟು ತೆಗೆದು ಕೊಟ್ಟರು.

ಸಾಹುಕಾರರ ಮುಖ ಕೆಂಪಾಯಿತು. “ಏಯ್, ನಿನಗೇನ ತಿಳೀತೈತಿ? ಹೊಲ ಒಣಗತೈತಿ! ಎತ್ತಸ್ರಲೇ ಅವನ್ನ!”

“ಯಾರೂ ಮುಟ್ಟಬ್ಯಾಡ್ರಿ,” ಎಂದರು ಆಕೆ, ದನಿ ಏರಿಸದೆ. “ಈ ಹೊಲ ಯಾರ ಹೆಸರಿಲೆ ಐತ್ರೀ?”

ಟ್ಯಾಕ್ಸಿನವರ ಕಣ್ಣು ತಪ್ಪಿಸಲು ಆ ಗದ್ದೆಯೂ ಸೇರಿ ಎಷ್ಟೋ ಆಸ್ತಿಯನ್ನು ಸಾಹುಕಾರರು ಹೆಂಡತಿಯ ಹೆಸರಿಗೆ ಮಾಡಿದ್ದರು. ಅದು ಊರಿಗೇ ಗೊತ್ತಿದ್ದ ಜಾಣತನ. ಆ ಜಾಣತನಕ್ಕೆ ಒಂದು ದಿನ ಬಾಯಿ ಬರುತ್ತದೆ ಎಂದು ಅವರಿಗೆ ಹೊಳೆದಿರಲಿಲ್ಲ.

“ನನ್ನ ಹೊಲ. ನನ್ನ ತಮ್ಮ ಹೇಳಿದಂಗ ಆರಲಿ,” ಎಂದು ಆಕೆ ದಂಡೆಯ ಮೇಲೆ ಕೂತುಬಿಟ್ಟರು.

ಸಂಜೆಯೊಳಗೆ ಉಪಕಾಲುವೆಯ ನೀರು ಕೊನೆಭಾಗದ ಕಡೆಗೆ ಹರಿಯತೊಡಗಿತು. ಹುಲಿಗೆಮ್ಮನ ಹೊಲಕ್ಕೆ ಅದು ಮುಟ್ಟಿದಾಗ ಕಾಲುಭಾಗ ಬೆಳೆ ಆಗಲೇ ಹೋಗಿತ್ತು; ಉಳಿದದ್ದು ಉಳಿಯಿತು. ಆ ಸುಗ್ಗಿಯವರೆಗೂ ಸರ್ ಪೈಪು ನೋಡಿ ನೋಡಿ ಸರದಿಯ ಮೇಲೆ ತೂಬು ತೆಗೆಸಿದರು, ಮುಚ್ಚಿಸಿದರು. ಸಾಹುಕಾರರ ಗದ್ದೆ ಒಣಗಿಹೋಗಲಿಲ್ಲ. ಇಳುವರಿ ಎಂದಿನಷ್ಟೇ ಬಂತು. ಆದರೆ ಅವರಿಗೆ ಅದು ಇನ್ನೊಂದು ಅವಮಾನದಂತೆ ಕಂಡಿತು.

ಸುಗ್ಗಿ ಮುಗಿದ ಮೇಲೆ ಸಾಹುಕಾರರು ಸರ್ ಅವರ ಮೇಜು ತೆಗೆಸಿದರು. ಅಕ್ಕ ಹೊಲದ ವಿಷಯದಲ್ಲಿ ಗೆದ್ದಿದ್ದರು. ಮಿಲ್ಲು ಸಾಹುಕಾರರ ಹೆಸರಿನಲ್ಲೇ ಇತ್ತು. ಮುಂದಿನ ವರ್ಷ ಅದೇ ಉಪಕಾಲುವೆಯ ನಿಜವಾದ ಲೆಕ್ಕವನ್ನು ನಮ್ಮ ಮಿಲ್ಲು ಹೊರದೇಶಕ್ಕೆ ಕಳಿಸಿತು. ಅದಕ್ಕೂ ಒಂದು ಸನ್ಮಾನವಾಯಿತು. ಸಾಹುಕಾರರು ಪೇಟ ಸುತ್ತಿಸಿಕೊಂಡು, “ನೀರ ಆರಿಸಿ ಕಟ್ಟೋದು ನನ್ನ ಕನಸಿತ್ತು,” ಎಂದರು. ಸರ್ ಹೆಸರು ಅಲ್ಲಿ ಬರಲಿಲ್ಲ.

ಕೆಲಸ ಹೋದ ಮೇಲೆ ಅವರು ಮಸ್ಕಿ, ಲಿಂಗಸುಗೂರು ಕಡೆಯ ಹತ್ತಿ ಜಿನ್ನಿಂಗ್ ಮಿಲ್ಲು, ಹೋಟೆಲು, ಇಟ್ಟಿಗೆ ಭಟ್ಟಿಗಳಿಗೆ ಹೋಗಿ ಹೊಗೆ ಅಳೆದುಕೊಡುತ್ತೇನೆ ಎನ್ನುತ್ತಿದ್ದರು. ಒಬ್ಬ ಭಟ್ಟಿಯ ಮಾಲೀಕ ಕುರ್ಚಿ ಕೊಟ್ಟು, ಚಹಾ ಕೊಟ್ಟು, “ನಂಬರ್ ಸ್ವಲ್ಪ ಕಮ್ಮಿ ಬರಂಗ ನೋಡ್ರಿ ಸರ್,” ಎಂದನಂತೆ. “ನಂಬರ್ ಕಮ್ಮಿ ಮಾಡಾಕ ನನಗ ಬರಂಗಿಲ್ರಿ, ಹೊಗಿ ಕಮ್ಮಿ ಮಾಡಾಕ ಬರತೈತಿ,” ಎಂದರಂತೆ ಇವರು. ಎರಡನೇ ಸಲ ಆತ ಕರೆಯಲಿಲ್ಲ. ಇದನ್ನು ಬಸ್ಸಿನಲ್ಲಿ ಸಿಕ್ಕಾಗ ನನಗೆ ತಾವೇ ಹೇಳಿದರು, ಬಹಳ ದೊಡ್ಡ ಸಾಧನೆಯಂತೆ. ಕೇಳುತ್ತಿದ್ದ ಕಂಡಕ್ಟರ್ ಆಕಳಿಸಿದ.

ಈ ಬೇಸಿಗೆಯಲ್ಲಿ ಎದೆನೋವು ಬಂದು ಅವರು ತೀರಿಕೊಂಡರು. ಮಣ್ಣಿಗೆ ನಾನು ಮಸ್ಕಿಗೆ ಹೋಗಿದ್ದೆ. ಅವರ ಹೆಂಡತಿ ಅಳುವಿನ ನಡುವೆಯೇ, “ಊರ ಒಲಿ ಎಲ್ಲಾ ಲೆಕ್ಕ ಮಾಡಿದ್ರು, ನನ್ನ ಒಲಿ ಒಂದಿನ ಊದಲಿಲ್ಲವ್ವಾ,” ಎಂದರು. ಹುಲಿಗೆಮ್ಮ ಬಂದಿದ್ದಳು, ದೂರದಲ್ಲಿ ನಿಂತು ಕೈಮುಗಿದು ಹೋದಳು. ಹಮಾಲರು ಒಂದು ಟ್ರ್ಯಾಕ್ಟರಿನ ತುಂಬ ಬಂದಿದ್ದರು. ಅವರಲ್ಲೊಬ್ಬ ಅಲ್ಲೂ ‘ಸಾಲೇಸಾಬ’ ಎಂಬ ಹಳೇ ಹೆಸರನ್ನೇ ಹೇಳಿದ. ಆದರೆ ಯಾರೂ ನಗಲಿಲ್ಲ.

ಸಾಹುಕಾರರು ಬಿಸಿಲೆಂದು ಕಾರಿನಿಂದ ಇಳಿದಿರಲಿಲ್ಲ. ಒಳಗೆ ಎ.ಸಿ. ಹಾಕಿಕೊಂಡು ಕೂತಿದ್ದರು. ಗೋರಿಯಲ್ಲಿ ಸರ್ ಅವರನ್ನು ಕೂರಿಸಿ ಮಣ್ಣು ಹಾಕುವಷ್ಟು ಹೊತ್ತೂ ರಸ್ತೆಯಲ್ಲಿ ಆ ಎಂಜಿನ್ನು ಗುರ್‌ಗುಡುತ್ತಲೇ ಇತ್ತು. ಎಲ್ಲ ಮುಗಿದ ಮೇಲೆ ಅಕ್ಕ ಕೈಯ ಮಣ್ಣನ್ನೂ ಒರೆಸಿಕೊಳ್ಳದೆ ನೇರವಾಗಿ ಕಾರಿನ ಹತ್ತಿರ ಬಂದರು. ಡ್ರೈವರನ ಬಾಗಿಲು ತೆಗೆದು, ಅವನ ಮೈಮೇಲಿಂದ ಕೈ ಚಾಚಿ, ಎಂಜಿನ್ ಬಂದ್ ಮಾಡಿ ಕೀಲಿ ಕಿತ್ತುಕೊಂಡರು.

“ತಮ್ಮನ ಮನಿ ಇಲ್ಲೇ ಐತಿ,” ಎಂದರು ಗಂಡನಿಗೆ. “ಇಳೀರಿ. ನಡಕೊಂತ ಹೋಗೂಣು.”

ಸಾಹುಕಾರರು ಸುತ್ತ ನೋಡಿದರು. ಹಮಾಲರೆಲ್ಲ ನಿಂತು ನೋಡುತ್ತಿದ್ದರು. ಅವರು ಇಳಿದು, ಶಲ್ಯವನ್ನು ತಲೆಯ ಮೇಲೆ ಹಾಕಿಕೊಂಡು, ಬಿಸಿಲಲ್ಲಿ ಹೆಂಡತಿಯ ಹಿಂದೆ ನಡೆಯತೊಡಗಿದರು.